ನೋಡುವುದು, ನೋಡಿಕೊಳ್ಳುವುದು: ಹೇಮಾವತಿಯ ಮಡಿಲಿನ ನಾಲ್ಕು ತಾಲ್ಲೂಕುಗಳು

ಇಷ್ಟಲಿಂಗಧಾರಿಯಾದ ಭಕ್ತನಿಗೆ ಕ್ಷೇತ್ರಸಂಚಾರದ ಅಗತ್ಯವೇನು ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಹೊಸದಲ್ಲ. ದೇಹವನ್ನೇ ದೇಗುಲವೆಂದು ತಿಳಿದು ಅಂಗೈಯಲ್ಲಿರುವ ಲಿಂಗದಲ್ಲಿ ಪರಶಿವನನ್ನು ಕಾಣುವ ಮಾರ್ಗವನ್ನು ಬಸವಾದಿ ಶರಣರು ನಮಗೆ ತೋರಿಸಿಕೊಟ್ಟರು. ಊರೂರು ಅಲೆದು ಮಿಂದು ಬರುವುದನ್ನೇ ಧರ್ಮವೆಂದು ನಂಬಿದವರನ್ನು ಅವರು ಎಚ್ಚರಿಸಿದರು. ಹೀಗಿದ್ದರೂ ಆ ಶರಣರೇ ನಾಡೆಲ್ಲ ಸಂಚರಿಸಿದವರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದರು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿ ಬಾಯಾರಿದ ಜೀವಿಗಳಿಗೆ ನೀರನ್ನಿತ್ತರು. ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದ ಪದ್ಮರಸರು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದ್ದರಿಂದಲೇ ಕೆರೆಯ ಪದ್ಮರಸರೆಂದು ಪ್ರಸಿದ್ಧರಾದರು. 'ದೀಕ್ಷಾಬೋಧೆ'ಯನ್ನು ಬರೆದ ಆ ಕವಿಯ ಹೆಸರಿಗೆ ಕಾವ್ಯಕ್ಕಿಂತ ಮೊದಲು ಕೆರೆ ಅಂಟಿಕೊಂಡಿತು. ನಮ್ಮ ಹಿರಿಯರು ಸಂಚಾರವನ್ನು ಬಿಟ್ಟವರಲ್ಲ. ಸಂಚಾರಕ್ಕೆ ಅರಿವನ್ನೂ ಕಾಯಕವನ್ನೂ ಜೋಡಿಸಿದವರು ಎಂಬುದನ್ನು ಈ ನಿದರ್ಶನಗಳು ಸ್ಪಷ್ಟಪಡಿಸುತ್ತವೆ.

ಈ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಸನ, ಅರಕಲಗೂಡು, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪ್ರಕೃತಿರಮಣೀಯ ಹಾಗೂ ಐತಿಹಾಸಿಕ ಸ್ಥಳಗಳನ್ನು ಸದ್ಭಕ್ತ ಕುಟುಂಬಗಳಿಗೆ ಪರಿಚಯಿಸಬೇಕೆಂದು ನಾವು ಸಂಕಲ್ಪಿಸಿದ್ದೇವೆ. ರಜೆಯ ದಿನಗಳಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಯೋಚಿಸುವ ತಾಯಂದಿರಿಗೂ, ನಾಲ್ಕು ಹೆಜ್ಜೆ ನಡೆಯಬಲ್ಲ ಹಿರಿಯರಿಗೂ ಇದು ಉಪಯುಕ್ತವಾದೀತೆಂದು ಭಾವಿಸುತ್ತೇವೆ.

ಕಡಲ ನಡುವಿನ ಒಂದು ದ್ವೀಪ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಯುರೋಪಿನ ದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರನ್ನು ಕಾಣಲು ಹೋದ ತಂದೆತಾಯಿಗಳು ಅಲ್ಲಿಯ ಪ್ರವಾಸಿ ತಾಣಗಳನ್ನು ನೋಡಿ ಬಂದು ಬಣ್ಣಿಸುವುದು ಈಗ ಸಾಮಾನ್ಯವಾಗಿದೆ. ಅಂತಹ ತಾಣಗಳಲ್ಲಿ ಅಟ್ಲಾಂಟಿಕ್ ಮಹಾಸಾಗರದಲ್ಲಿರುವ ಪೋರ್ಚುಗಲ್ ದೇಶದ ಮದೇರಾ ದ್ವೀಪವೂ ಒಂದು. 1419ರಲ್ಲಿ ಪೋರ್ಚುಗೀಸ್ ನಾವಿಕರು ಅಲ್ಲಿಗೆ ಬಂದಿಳಿದಾಗ ಅದು ನಿರ್ಜನವಾದ ದಟ್ಟ ಕಾಡು. ಆ ದ್ವೀಪದ ಹೆಸರಿಗೆ ಅವರ ಭಾಷೆಯಲ್ಲಿ ಮರವೆಂದೇ ಅರ್ಥ. ಉಳಿದುಬಂದಿರುವ ಆ ಪ್ರಾಚೀನ ಅರಣ್ಯವು 1999ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆದರೆ ಅಲ್ಲಿಗೆ ಹೋದವರು ವಿಶೇಷವಾಗಿ ಹೇಳುವುದು ಕಾಡಿನ ವಿಷಯವನ್ನಾಗಲಿ ಚರ್ಚುಗಳ ವಿಷಯವನ್ನಾಗಲಿ ಅಲ್ಲ, ಕಾಲುವೆಗಳ ವಿಷಯವನ್ನು. ದ್ವೀಪದ ಉತ್ತರ ಭಾಗದಲ್ಲಿ ಮಳೆ ಮಂಜು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಉತ್ತರದ ನೀರನ್ನು ದಕ್ಷಿಣದ ಹೊಲಗಳಿಗೆ ತರಲು 15ನೆಯ ಶತಮಾನದಿಂದಲೇ ಬೆಟ್ಟಗಳ ಒಡಲನ್ನು ಕೊರೆದು ಕಿರುಗಾಲುವೆಗಳನ್ನು ಮಾಡಿದರು. 'ಲೆವಾದ' ಎಂದು ಕರೆಯಲಾಗುವ ಅವುಗಳ ಒಟ್ಟು ಉದ್ದ 2,000 ಕಿಲೋಮೀಟರಿಗೂ ಹೆಚ್ಚು. ಆರಂಭದ ಶತಮಾನಗಳಲ್ಲಿ ಆ ಕಡಿದಾದ ಬಂಡೆಗಳಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರೆಂಬುದನ್ನು ಮರೆಯಬಾರದು. ಕಾಲುವೆಯನ್ನು ಕಾಯುವವನು ಓಡಾಡಲೆಂದು ಮಾಡಿದ ಪಕ್ಕದ ಕಾಲುದಾರಿಯಲ್ಲಿ ಇಂದು ಜಗತ್ತಿನ ಜನ ನಡೆಯುತ್ತಾರೆ. ಕಾವಲುಗಾರನಿಗೆ ಅಲ್ಲಿ 'ಲೆವದೇರೊ' ಎಂಬ ಹೆಸರಿದೆ. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೂಬು ತೆಗೆದು ಮುಚ್ಚಿ, ಗದ್ದೆಗದ್ದೆಗೆ ಪಾಳಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯೂ ಇಂತಹವನೇ ಅಲ್ಲವೇ?

ಒಂದು ಕಾಲುವೆಯನ್ನು ನೋಡಲು ಸಾವಿರಾರು ಮೈಲಿಗಳಿಂದ ಜನ ಬರುತ್ತಾರೆಂದರೆ ಅದಕ್ಕೆ ಕಾರಣ ಸರಳ. ಅದನ್ನು ತಲೆತಲಾಂತರದಿಂದ ಯಾರೋ ನೋಡಿಕೊಂಡು ಬಂದಿದ್ದಾರೆ. ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಕನ್ನಡದಲ್ಲಿ ಇರುವುದು ಒಂದೇ ಧಾತು. ಈ ಮಾತನ್ನು ಕೈದೀವಿಗೆಯಾಗಿ ಹಿಡಿದು ನಮ್ಮ ಜಿಲ್ಲೆಯೊಳಗೆ ಪ್ರವೇಶಿಸೋಣ.

ಹಾಸನದ ಸುತ್ತಮುತ್ತ

ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಹಾಸನ ನಗರವು ಮಲೆನಾಡೂ ಬಯಲುಸೀಮೆಯೂ ಕೈಹಿಡಿಯುವ ನೆಲೆ. ಪಶ್ಚಿಮಕ್ಕೆ ಸಕಲೇಶಪುರದ ಕಾಫಿ ತೋಟಗಳು, ಪೂರ್ವಕ್ಕೆ ರಾಗಿ ಆಲೂಗೆಡ್ಡೆಗಳ ಹೊಲಗಳು. ಊರಿಗೆ ಹೆಸರನ್ನಿತ್ತ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆದು ದೀಪಾವಳಿಯ ವೇಳೆಗೆ ಮುಚ್ಚುತ್ತದೆ. ಆ ದಿನಗಳಲ್ಲಿ ನಾಡಿನ ನಾನಾ ಭಾಗಗಳಿಂದ ಭಕ್ತಾದಿಗಳು ಸರದಿಯಲ್ಲಿ ನಿಲ್ಲುತ್ತಾರೆ. ಅದೇ ಆವರಣದಲ್ಲಿ ಸಿದ್ಧೇಶ್ವರನ ಸನ್ನಿಧಿಯೂ ಇದೆ.

ಹೊಯ್ಸಳರ ಶಿಲ್ಪವೆಂದೊಡನೆ ಎಲ್ಲರೂ ಬೇಲೂರು ಹಳೇಬೀಡುಗಳತ್ತ ಧಾವಿಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅಲ್ಲಿ ಜನಸಂದಣಿ ಮತ್ತಷ್ಟು ಬೆಳೆದಿದೆ. ಅದು ಸಂತೋಷದ ಸಂಗತಿಯೇ. ಆದರೆ ಹಾಸನ ನಗರದ ಸನಿಹದಲ್ಲಿಯೇ ಇರುವ ಮೂರು ಗುಡಿಗಳನ್ನು ನೋಡದೆ ಹೋಗಬಾರದೆಂದು ನಾವು ಹೇಳುತ್ತೇವೆ.

ಮೊದಲನೆಯದು ಬೇಲೂರು ದಾರಿಯಲ್ಲಿ, ಕೆರೆಯ ದಂಡೆಯ ಮೇಲಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಸುಮಾರು 1113ರಲ್ಲಿ ಇದನ್ನು ಕಟ್ಟಿಸಿದವರು ಅರಸರಲ್ಲ, ಕುಲ್ಲಹಣ ರಾಹುತ ಎಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ. ನಾಲ್ಕು ಗರ್ಭಗುಡಿಗಳುಳ್ಳ ಈ ಚತುಷ್ಕೂಟ ದೇವಾಲಯವು ಬೇಲೂರಿನ ಚೆನ್ನಕೇಶವ ದೇವಾಲಯಕ್ಕಿಂತಲೂ ಹಳೆಯದು. ಗೃಹಸ್ಥ ದಂಪತಿಗಳು ತಮ್ಮ ಗಳಿಕೆಯನ್ನು ಲೋಕಕ್ಕೆ ಅರ್ಪಿಸಿದ ಈ ಕಥೆಯನ್ನು ನಮ್ಮ ದಾಸೋಹದ ಕಣ್ಣಿನಿಂದ ನೋಡಿದರೆ ಅದು ಪರಕೀಯವೆನಿಸದು. 2020ರ ನವೆಂಬರಿನಲ್ಲಿ ಇಲ್ಲಿಯ ಕಾಳಿಯ ಮೂರ್ತಿ ಭಗ್ನವಾಗಿ ಕಂಡುಬಂದ ಸುದ್ದಿ ಕೇಳಿ ಅನೇಕರ ಮನಸ್ಸು ನೊಂದಿತು. ಒಂಬೈನೂರು ವರ್ಷ ನಿಂತದ್ದು ಒಂದು ದಿನದಲ್ಲಿ ಮುರಿಯಬಹುದು.

ಎರಡನೆಯದು ಕೋರವಂಗಲದ ಬೂಚೇಶ್ವರ. 1173ರಲ್ಲಿ ಎರಡನೆಯ ವೀರಬಲ್ಲಾಳನು ಸಿಂಹಾಸನವೇರಿದ ಸಂದರ್ಭದಲ್ಲಿ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು. ಮೂರನೆಯದು ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಗುವ ಮೊಸಳೆ ಗ್ರಾಮದ ಜೋಡಿ ಗುಡಿಗಳು. ನಾಗೇಶ್ವರ ಮತ್ತು ಚೆನ್ನಕೇಶವ, ಶಿವನಿಗೊಂದು ವಿಷ್ಣುವಿಗೊಂದು, ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ ಒಂದೇ ಅಳತೆಯಲ್ಲಿ ನಿಂತಿವೆ. ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ವಾದಕ್ಕೆ ಶಿಲ್ಪಿ ಆಸ್ಪದವನ್ನೇ ಕೊಟ್ಟಿಲ್ಲ.

ಈ ಗುಡಿಗಳ ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೃದುವಾಗಿದ್ದು ಸೂಕ್ಷ್ಮವಾದ ಕೆತ್ತನೆಗೆ ಒದಗುತ್ತದೆ. ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಹಾಗೆಂದು ಅದಕ್ಕೆ ಕೇಡಿಲ್ಲವೆಂದಲ್ಲ. ಎಣ್ಣೆ, ಕುಂಕುಮ, ಕರ್ಪೂರದ ಮಸಿಗಳು ಮೆತ್ತಿದ ಕಡೆ ಕುಸುರಿಯ ಗೆರೆಗಳು ಮುಚ್ಚಿಹೋಗುತ್ತವೆ. ಭಕ್ತಿಯಿಂದ ಮಾಡಿದ ಕೆಲಸವೂ ಅರಿವಿಲ್ಲದಿದ್ದರೆ ಹಾನಿಯನ್ನೇ ತರುತ್ತದೆಂಬುದನ್ನು ತಾಯಂದಿರು ಗಮನಿಸಬೇಕು.

ನೀರೊಳಗಿನ ಊರು, ನೀರ ಮೇಲಿನ ದ್ವೀಪ

ಹಾಸನದಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿಯಿದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಇಲ್ಲಿ ಇಟ್ಟಿಗೆ ಗಾರೆಗಳಿಂದ ಎತ್ತರವಾದ ಕಮಾನುಗಳ ಚರ್ಚೊಂದನ್ನು ಕಟ್ಟಿಸಿದರು. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟೆ ನಿರ್ಮಾಣವಾಗಿ 1979ರಲ್ಲಿ ಪೂರ್ಣಗೊಂಡಾಗ ಹಿನ್ನೀರು ಸುತ್ತಲಿನ ಅನೇಕ ಹಳ್ಳಿಗಳನ್ನು ಆವರಿಸಿತು. ಜನ ಎತ್ತರದ ನೆಲೆಗಳಿಗೆ ತೆರಳಿದರು. ಚರ್ಚು ಮಾತ್ರ ನಿಂತಲ್ಲೇ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದರ ಗೋಡೆಗಳ ಬಹುಭಾಗ ನೀರಿನಲ್ಲಿ ಮುಳುಗಿ, ಕಮಾನುಗಳ ಮೇಲ್ಭಾಗ ಪುಟ್ಟ ದ್ವೀಪದಂತೆ ಕಾಣುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಒಣನೆಲದ ಮೇಲೆ ನಡೆದು ಅದರೊಳಗೆ ಹೋಗಬಹುದು. ಮದೇರಾ ದ್ವೀಪವನ್ನು ನೋಡಲು ಸಾಗರ ದಾಟಬೇಕು. ಈ ದ್ವೀಪ ನಮ್ಮ ಜಿಲ್ಲೆಯಲ್ಲಿಯೇ ವರ್ಷವರ್ಷವೂ ಹುಟ್ಟಿ ವರ್ಷವರ್ಷವೂ ಅಳಿಯುತ್ತದೆ.

ಪ್ರವಾಸಿಗಳು ಇಲ್ಲಿ ಚಿತ್ರ ತೆಗೆಯುತ್ತಾರೆ, ಸೌಂದರ್ಯಕ್ಕೆ ಬೆರಗಾಗುತ್ತಾರೆ. ನೆನೆದು ಒಣಗಿ, ಒಣಗಿ ನೆನೆದು ಆ ಗೋಡೆಗಳ ಭಾಗಗಳು ಕಳಚಿ ಬೀಳುತ್ತಿರುವುದನ್ನು ಕಂಡಾಗ ನಮಗೆ ಬೇರೊಂದು ಚಿಂತೆ ಮೂಡುತ್ತದೆ. ಈ ನೀರಿನಡಿಯಲ್ಲಿ ಚರ್ಚಿನ ಅಂಗಳವೊಂದೇ ಅಲ್ಲ, ಒಕ್ಕಲು ಮಕ್ಕಳ ಹಟ್ಟಿಗಳಿವೆ, ಕಣಗಳಿವೆ, ಹಿರಿಯರ ಸಮಾಧಿಗಳಿವೆ. ಹಲವರ ತ್ಯಾಗದಿಂದ ಕೆಳಗಿನ ಲಕ್ಷಾಂತರ ಎಕರೆ ಹಸಿರಾಯಿತು. ಇಲ್ಲಿಗೆ ಮಕ್ಕಳನ್ನು ಕರೆತಂದವರು ಈ ಮಾತನ್ನು ಅವರಿಗೆ ಹೇಳಬೇಕು. ಹಳೆಯ ಗೋಡೆಯನ್ನು ಹತ್ತುವುದು, ಅದರ ಮೇಲೆ ಹೆಸರು ಕೊರೆಯುವುದು, ಊಟದ ಎಲೆ ಬಾಟಲಿಗಳನ್ನು ಹಿನ್ನೀರಿಗೆಸೆಯುವುದು ಆ ತ್ಯಾಗಕ್ಕೆ ತೋರುವ ಅಗೌರವ. ದಡದ ಕೆಸರು ಅಪಾಯಕಾರಿಯಾದ್ದರಿಂದ ನೀರಿಗಿಳಿಯದಿರುವುದೂ ಕ್ಷೇಮ.

ಗೊರೂರಿನ ಜಲಾಶಯದ ಪೂರ್ಣಮಟ್ಟ 2,922 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಸಿಕೊಂಡು ಬರುವ ಹೇಮಾವತಿಗೆ ನೀರನ್ನು ಕೊಡುವುದು ಸಹ್ಯಾದ್ರಿಯ ಕಾಡು. ಮೇಲೆ ಕಾಡು ಕರಗಿದರೆ ಕೆಳಗೆ ಹೊಳೆ ಬಡವಾಗುತ್ತದೆ ಎಂಬ ಸತ್ಯವನ್ನು ಮದೇರಾದ ಜನ ಬಲ್ಲರು. ನಾವೂ ಬಲ್ಲೆವು, ಆದರೆ ಮರೆಯುತ್ತೇವೆ. ಈ ನದೀತೀರದ ಜನಜೀವನವನ್ನು ಹಾಸ್ಯದ ಬೆಳಕಿನಲ್ಲಿ ತೋರಿಸಿದ ಡಾ. ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಇದೇ ಊರಿನವರು. ಅವರ 'ಹಳ್ಳಿಯ ಚಿತ್ರಗಳು' ಕೃತಿಯನ್ನು ಓದಿಕೊಂಡು ಗೊರೂರಿಗೆ ಬಂದರೆ ಮುಳುಗಿದ ಊರುಗಳ ಬಾಳು ಹೇಗಿದ್ದಿರಬಹುದೆಂಬುದು ಕಣ್ಣಿಗೆ ಕಟ್ಟುತ್ತದೆ.

ಅರಕಲಗೂಡು: ಕಾವೇರಿಯ ಮಡಿಲು

ಗೊರೂರಿನಿಂದ ದಕ್ಷಿಣಕ್ಕೆ ಬಂದರೆ ಅರಕಲಗೂಡು. ಗೌತಮ ಮಹರ್ಷಿಗಳು ಇಲ್ಲಿ ಸೂರ್ಯನನ್ನು ಆರಾಧಿಸಿದರೆಂಬುದೂ, ಅರ್ಕಪುರಿ ಎಂಬ ಹೆಸರು ಅದರಿಂದ ಬಂದಿತೆಂಬುದೂ ಸ್ಥಳಪುರಾಣ. ಊರಿನ ಅರ್ಕೇಶ್ವರ ದೇವಾಲಯ ಆ ನೆನಪನ್ನು ಉಳಿಸಿಕೊಂಡಿದೆ. ಐಗೂರು ಪಾಳೆಯಗಾರ ಮನೆತನದ ಕೃಷ್ಣಪ್ಪನಾಯಕನು 16ನೆಯ ಶತಮಾನದಲ್ಲಿ ಪಟ್ಟಣವನ್ನು ಬೆಳೆಸಿದನೆಂದು ಇತಿಹಾಸ ಹೇಳುತ್ತದೆ.

ಈ ತಾಲ್ಲೂಕಿನ ನಿಜವಾದ ಐಸಿರಿ ಕಾವೇರಿ. ಅರಕಲಗೂಡಿನಿಂದ ಸುಮಾರು 20 ಕಿಲೋಮೀಟರ್ ದೂರದ ರಾಮನಾಥಪುರದಲ್ಲಿ ನದಿಯ ದಂಡೆಯ ಮೇಲೆ ರಾಮೇಶ್ವರನ ಗುಡಿಯಿದೆ. ಶ್ರೀರಾಮನು ಸ್ಥಾಪಿಸಿದ ಲಿಂಗವೆಂಬ ನಂಬಿಕೆಯಿದೆ. ಪ್ರಸನ್ನ ಸುಬ್ರಹ್ಮಣ್ಯ ಸ್ವಾಮಿಯ ಷಷ್ಠಿಯ ಜಾತ್ರೆಗೆ ಸುತ್ತಲ ಸೀಮೆಯ ಜನ ಸೇರುತ್ತಾರೆ. ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು ಇಲ್ಲಿಯ ವಹ್ನಿಪುಷ್ಕರಿಣಿಯ ಮೀನುಗಳು. ದೇವಾಲಯದ ಬಳಿಯ ಮಡುವಿನಲ್ಲಿ ಯಾರೂ ಬಲೆ ಬೀಸುವುದಿಲ್ಲ. ಹೀಗಾಗಿ ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ಮೆಟ್ಟಿಲಿನವರೆಗೂ ಬಂದು, ಭಕ್ತರು ಹಾಕುವ ಪುರಿಯನ್ನು ತಿನ್ನುತ್ತವೆ. ಕಾನೂನಿನ ಫಲಕಗಳು ಬರುವುದಕ್ಕೆ ಎಷ್ಟೋ ಮೊದಲೇ ಜನರ ಶ್ರದ್ಧೆ ಈ ಜೀವಿಗಳನ್ನು ಕಾಪಾಡಿತು. ಸಕಲ ಜೀವಾತ್ಮರಲ್ಲಿ ದಯೆಯೇ ಧರ್ಮದ ತಳಹದಿಯೆಂದು ನಂಬಿದ ನಮಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ? ಮಕ್ಕಳ ಕೈಗೆ ಪುರಿಯ ಪೊಟ್ಟಣ ಕೊಡಿರಿ. ಪೊಟ್ಟಣದ ಪ್ಲಾಸ್ಟಿಕ್ ಮಾತ್ರ ಮರಳಿ ನಿಮ್ಮ ಚೀಲಕ್ಕೆ ಬರಲಿ.

ಸಮೀಪದ ಕೊಣನೂರಿನಲ್ಲಿ ಕಾವೇರಿಯ ಮೇಲೆ ಕಾಲುನಡಿಗೆಯ ತೂಗುಸೇತುವೆಯಿದೆ. ಕಟ್ಟೇಪುರದಲ್ಲಿ ಹಿಂದಿನವರು ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯನ್ನು ಕಟ್ಟಿ ಎರಡೂ ದಂಡೆಗಳ ನಾಲೆಗಳಿಗೆ ನೀರು ತಿರುಗಿಸಿದ್ದಾರೆ. ದೊಡ್ಡ ಯಂತ್ರಗಳಿಲ್ಲದ ಕಾಲದಲ್ಲಿ ನೆಲದ ಇಳಿಜಾರನ್ನು ಕಣ್ಣಳತೆಯಿಂದ ಹಿಡಿದು ಮೈಲಿಗಟ್ಟಲೆ ನೀರು ಹರಿಸಿದ ಆ ಅನಾಮಿಕರ ಜಾಣ್ಮೆ ಮದೇರಾದ ಕಾಲುವೆಗಾರರ ಜಾಣ್ಮೆಗೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ವ್ಯತ್ಯಾಸವಿರುವುದು ಮುಂದಿನವರ ನಡವಳಿಕೆಯಲ್ಲಿ. ಅಲ್ಲಿ ಕಾಲುವೆಯ ದಡದಲ್ಲಿ ನಡೆಯುವುದೇ ಒಂದು ಗೌರವ. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ನಾಲೆಯೆಂದರೆ ಕಸ ಸುರಿಯುವ ಜಾಗವೆಂಬ ಭಾವನೆ ಬೆಳೆದಿದೆ.

ಕಾವೇರಿಯ ದಂಡೆಯ ರುದ್ರಪಟ್ಟಣವನ್ನೂ ನೆನೆಯಬೇಕು. ಸಂಕೇತಿ ಮನೆತನಗಳ ಈ ಪುಟ್ಟ ಗ್ರಾಮ ಕರ್ನಾಟಕ ಸಂಗೀತಕ್ಕೆ ವಿದ್ವಾಂಸರ ಪರಂಪರೆಯನ್ನೇ ಕೊಟ್ಟಿದೆ. ವಿದ್ವಾನ್ ಆರ್.ಕೆ. ಶ್ರೀಕಂಠನ್ (1920–2014) ಇಲ್ಲಿಯವರು. ಇದೇ ಊರಿನ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರ ನಿರ್ಮಾಣವಾಯಿತು. ಪಟ್ಟಣ ಸೇರಿದವರು ಹುಟ್ಟೂರಿಗೆ ಮರಳಿ ಏನು ಕೊಡಬಹುದೆಂಬುದಕ್ಕೆ ಇದು ಸುಂದರವಾದ ಉತ್ತರ.

ಹೊಳೆನರಸೀಪುರ: ಹೊಳೆಯೂ ವಿದ್ಯೆಯೂ

ಹೆಸರಿನಲ್ಲಿಯೇ ಹೊಳೆಯನ್ನು ಧರಿಸಿದ ಊರು ಹೊಳೆನರಸೀಪುರ. ಹೇಮಾವತಿಯ ದಂಡೆಯ ಈ ಪಟ್ಟಣವು ನರಸೀಪುರದ ಪಾಳೆಯಗಾರರ ನೆಲೆಯಾಗಿತ್ತು. ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವು ಮೂರು ಗರ್ಭಗೃಹಗಳ ತ್ರಿಕೂಟ. ತಾಲ್ಲೂಕಿನ ಮಾವಿನಕೆರೆಯ ಬೆಟ್ಟದ ಮೇಲೆ ರಂಗನಾಥಸ್ವಾಮಿಯ ಗುಡಿಯಿದೆ. ಮೇಲೇರಿ ನಿಂತರೆ ಹೊಲ ಗದ್ದೆ ತೆಂಗಿನ ತೋಟಗಳ ವಿಸ್ತಾರವೆಲ್ಲ ಒಂದೇ ನೋಟಕ್ಕೆ ದಕ್ಕುತ್ತದೆ. ಹೇಮಾವತಿಗೆ ಹಿಂದಿನವರು ಕಟ್ಟಿದ ಶ್ರೀರಾಮದೇವರ ಕಟ್ಟೆಯೂ ಈ ತಾಲ್ಲೂಕಿನ ಹಳೆಯ ನೀರಾವರಿಯ ಸಾಕ್ಷಿ. ಗೊರೂರಿನ ಮಹಾ ಜಲಾಶಯಕ್ಕೆ ಶತಮಾನಗಳ ಮೊದಲೇ ಈ ಸೀಮೆಯ ಒಕ್ಕಲಿಗೆ ಹೇಮಾವತಿಯ ಅನ್ನದ ಋಣವಿತ್ತೆಂಬುದಕ್ಕೆ ಇಂತಹ ಕಟ್ಟೆಗಳೇ ಪ್ರಮಾಣ.

ಈ ಊರಿನ ಇನ್ನೊಂದು ಸಂಪತ್ತು ಗ್ರಂಥಸಂಪತ್ತು. ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಇಲ್ಲಿ ನೆಲೆಸಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಮೂಲಕ ಶಂಕರಭಾಷ್ಯಗಳನ್ನು ಕನ್ನಡಿಗರ ಕೈಗಿತ್ತರು. ಅವರ ಸಿದ್ಧಾಂತ ಬೇರೆ, ನಮ್ಮ ಶಕ್ತಿವಿಶಿಷ್ಟಾದ್ವೈತದ ನಿಲವು ಬೇರೆ. ಆದರೆ ಸಂಸ್ಕೃತದಲ್ಲಿ ಅಡಗಿದ್ದ ಶಾಸ್ತ್ರವನ್ನು ಸಾಮಾನ್ಯ ಗೃಹಸ್ಥನ ಮಾತಿಗೆ ಇಳಿಸಿದ ಆ ಪರಿಶ್ರಮದ ಮುಂದೆ, ಕನ್ನಡವನ್ನೇ ದೇವಭಾಷೆಯಾಗಿಸಿದ ಶರಣರ ಮಕ್ಕಳಾದ ನಾವು ಕೈಮುಗಿಯದಿರುವುದು ಹೇಗೆ?

ಚನ್ನರಾಯಪಟ್ಟಣ: ಬೆಟ್ಟವೂ ಶಾಸನವೂ

ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು 17ನೆಯ ಶತಮಾನದ ಆರಂಭದಲ್ಲಿ ಕೊಳತೂರೆಂಬ ಊರನ್ನು ವಶಪಡಿಸಿಕೊಂಡು ತನ್ನ ಮಗ ಚೆನ್ನರಾಯನಿಗೆ ಕೊಟ್ಟನೆಂದೂ, ಅದೇ ಇಂದಿನ ಚನ್ನರಾಯಪಟ್ಟಣವೆಂದೂ ಹೇಳುತ್ತಾರೆ. ಹೇಮಾವತಿಯ ಎಡದಂಡೆ ನಾಲೆ ಈ ತಾಲ್ಲೂಕನ್ನು ಹಾದುಹೋಗುತ್ತದೆ. ಬಾಗೂರು–ನವಿಲೆಯ ಬಳಿ ನೆಲದಡಿಯಲ್ಲಿ ಕೊರೆದ ಸುರಂಗದ ಮೂಲಕ ನೀರು ತುಮಕೂರು ಜಿಲ್ಲೆಯ ಕಡೆಗೆ ಹರಿಯುತ್ತದೆ. ಮದೇರಾದ ಬೆಟ್ಟ ಕೊರೆದ ಕಾಲುವೆಗಳನ್ನು ಹೊಗಳುವವರು ಇದನ್ನೂ ಒಮ್ಮೆ ನೆನೆಯಲಿ.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು ಕಟ್ಟಿಸಿದನು. ಊರಿನ ಸದಾಶಿವ ದೇವಾಲಯವೂ ಅವನದೇ. ಲಕ್ಷ್ಮೀನರಸಿಂಹನ ಗುಡಿಯ ಹೊರಗೋಡೆಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ದುಡಿದ ಕೈಯ ಹೆಸರು ಕಲ್ಲಿನಲ್ಲಿ ಉಳಿಯುವುದು ಲೋಕದಲ್ಲಿ ಅಪರೂಪ. ಕಾಯಕದಿಂದಲೇ ಮನುಷ್ಯನಿಗೆ ಘನತೆಯೆಂದು ಸಾರಿದ ಧರ್ಮದವರು ಈ ಹೆಸರುಗಳನ್ನು ಹುಡುಕಿ ಮಕ್ಕಳಿಂದ ಓದಿಸಬೇಕು.

ಚನ್ನರಾಯಪಟ್ಟಣದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿರುವುದು ಲೋಕಪ್ರಸಿದ್ಧವಾದ ಶ್ರವಣಬೆಳಗೊಳ. ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ ಗೊಮ್ಮಟಮೂರ್ತಿಯ ಎತ್ತರ ಸುಮಾರು 58 ಅಡಿ. ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಬೇಸಗೆಯಲ್ಲಿ ಬೆಳಗಿನ ಹೊತ್ತು ಏರುವುದು ಲೇಸು. ಎದುರಿನ ಚಂದ್ರಗಿರಿ ಚಿಕ್ಕದಾದರೂ ಹಳಮೆಯಲ್ಲಿ ಹಿರಿದು. ಅಲ್ಲಿ ಸುಮಾರು ಕ್ರಿ.ಶ. 600ರಿಂದ ಶಾಸನಗಳು ದೊರೆಯುತ್ತವೆ. ಆರ್. ನರಸಿಂಹಾಚಾರ್ಯರು 1923ರಲ್ಲಿ ಬೆಳಗೊಳದ 500 ಶಾಸನಗಳನ್ನು ಪ್ರಕಟಿಸಿದರು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಈಚೆಗೆ 2018ರಲ್ಲಿ ಜರುಗಿತು.

ಗುಳ್ಳಕಾಯಜ್ಜಿಯ ಕಥೆಯನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿಲ್ಲ. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ಪಾದವನ್ನು ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಅಷ್ಟೇ ಅಷ್ಟು ಹಾಲು ಮೂರ್ತಿಯನ್ನು ಪೂರ್ತಿಯಾಗಿ ತೋಯಿಸಿತಂತೆ. ಆ ಅಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನ ಎದುರಿನಲ್ಲಿ ನಿಂತಿದೆ. ಕೊಡುವುದರ ಪ್ರಮಾಣಕ್ಕಿಂತ ಕೊಡುವವರ ಭಾವ ದೊಡ್ಡದೆಂಬ ಈ ಮಾತು ಜೈನರದೂ ಹೌದು, ಶರಣರದೂ ಹೌದು.

ಮನೆಗೊಂದು ಹಣ

ಬೆಳಗೊಳದ ಶಾಸನಗಳಲ್ಲಿ ಒಂದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದು 1368ರದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಎರಡೂ ಕಡೆಯವರನ್ನು ಕರೆಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಅದರ ಮುಂದಿನ ಭಾಗವನ್ನು ಗಮನಿಸುವವರು ಕಡಿಮೆ. ಒಳ್ಳೆಯ ಮಾತಿನಿಂದಲೇ ಕ್ಷೇತ್ರ ಉಳಿಯದೆಂಬುದು ಅಂದಿನವರಿಗೆ ತಿಳಿದಿತ್ತು. ಆದ್ದರಿಂದ ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣವನ್ನು ಕೊಡಬೇಕೆಂದು ಗೊತ್ತುಮಾಡಲಾಯಿತು. ಹಣವೆಂದರೆ ಅಂದಿನ ಒಂದು ಸಣ್ಣ ನಾಣ್ಯ. ಆ ಮೊತ್ತದಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಉಳಿದದ್ದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿದು ದುರಸ್ತಿ ಮಾಡಿಸಬೇಕು. ಈ ಹೊಣೆಯನ್ನು ವಹಿಸಿದ್ದು ಯಾರಿಗೆ? ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವರಿಗೆ. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರಿಗೇ ಕಾಯುವ ಕೆಲಸವನ್ನು ಕೊಟ್ಟ ಆ ವಿವೇಕಕ್ಕೆ ಏನೆಂದು ಹೇಳುವುದು!

ಈ ಏರ್ಪಾಡಿನಲ್ಲಿ ಮೂರು ಅಂಶಗಳಿವೆ. ಕೊಡುಗೆ ಸಣ್ಣದು, ಆದರೆ ಪ್ರತಿ ಮನೆಯದು. ಕೆಲಸ ನಿತ್ಯದ್ದು, ಹಬ್ಬದ ದಿನದ್ದಲ್ಲ. ಕಾಯುವ ಹೊಣೆಗೆ ಮತದ ಗಡಿಯಿಲ್ಲ. ಮದೇರಾದ ಕಾಲುವೆ ಉಳಿದದ್ದೂ, ರಾಮನಾಥಪುರದ ಮೀನು ಉಳಿದದ್ದೂ ದಿನದಿನವೂ ಜನ ತೋರಿದ ಕಾಳಜಿಯಿಂದಲೇ. ಇಂತಹ ಏರ್ಪಾಡು ಇಲ್ಲದಿರುವುದರಿಂದಲೇ ನಮ್ಮ ಹಳ್ಳಿಗಳ ಎಷ್ಟೋ ಕೆರೆಗಳಲ್ಲಿ ಹೂಳು ತುಂಬಿದೆ, ಕೋಡಿ ಕುಸಿದಿದೆ, ಎಷ್ಟೋ ಶಾಸನದ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿವೆ. ಸರ್ಕಾರದ ಪುರಾತತ್ವ ಇಲಾಖೆಗಳು ತಮ್ಮ ಸಂರಕ್ಷಣೆಯ ಪಟ್ಟಿಯಲ್ಲಿರುವುದನ್ನು ನೋಡಿಕೊಳ್ಳುತ್ತವೆ. ಪಟ್ಟಿಯಲ್ಲಿಲ್ಲದ ನಮ್ಮೂರಿನ ಗುಡಿಯನ್ನು, ವೀರಗಲ್ಲನ್ನು, ಮಠದ ಕಲ್ಯಾಣಿಯನ್ನು ನೋಡಿಕೊಳ್ಳುವವರು ಯಾರು?

ಶರಣರು ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳನ್ನು ನಮಗೆ ಕೊಟ್ಟರು. ಕಲ್ಲು ಸ್ಥಾವರ; ಅದು ಒಂದು ದಿನ ಅಳಿಯುವುದೇ. ಅದನ್ನು ಕಡಿದ ಕಾಯಕ, ಅದನ್ನು ಕಾಯುವ ಕಾಳಜಿ, ಅದರ ಪಕ್ಕದಲ್ಲಿ ಹರಿಯುವ ನೀರು ಜಂಗಮ. ಸ್ಥಾವರವನ್ನು ಪೂಜಿಸಲು ನಮಗೆ ಅಪ್ಪಣೆಯಿಲ್ಲದಿರಬಹುದು. ಅದರೊಳಗಿನ ಜಂಗಮವನ್ನು ಕಂಡು ಅದಕ್ಕೆ ಸೇವೆ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ. ಲೇಖನದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ.

ಸದ್ಭಕ್ತರಲ್ಲಿ ಅರಿಕೆ

ಈ ಸಂಚಾರಕ್ಕೆ ಎರಡು ದಿನ ಸಾಕು. ಮೊದಲ ದಿನ ಹಾಸನದ ಸುತ್ತಲಿನ ಗುಡಿಗಳು, ಶೆಟ್ಟಿಹಳ್ಳಿ, ಗೊರೂರು; ಮರುದಿನ ಮುಂಜಾನೆ ರಾಮನಾಥಪುರ, ಮಧ್ಯಾಹ್ನ ಹೊಳೆನರಸೀಪುರ, ಸಂಜೆಯ ತಂಪಿನಲ್ಲಿ ಬೆಳಗೊಳ. ಬಿಡುವಿದ್ದವರು ನುಗ್ಗೇಹಳ್ಳಿಗೆ ಇನ್ನೊಂದು ದಿನವನ್ನು ಮೀಸಲಿಡುವುದು ಉತ್ತಮ. 2017ರಲ್ಲಿ ಬೆಂಗಳೂರು–ಹಾಸನ ನೇರ ರೈಲುಮಾರ್ಗ ಆರಂಭವಾದ ಮೇಲೆ ಶ್ರವಣಬೆಳಗೊಳಕ್ಕೂ ಚನ್ನರಾಯಪಟ್ಟಣಕ್ಕೂ ಬರುವುದು ಸುಲಭವಾಗಿದೆ. ಹೊಳೆನರಸೀಪುರವು ಮೈಸೂರು–ಹಾಸನ ರೈಲುಮಾರ್ಗದಲ್ಲಿದೆ. ಅರಕಲಗೂಡಿಗೆ ಬಸ್ಸುಗಳೇ ಆಧಾರ.

ಹೊರಡುವ ಮುನ್ನ ಬೆಳಗಿನ ಇಷ್ಟಲಿಂಗಪೂಜೆಯನ್ನು ತಪ್ಪಿಸಬೇಡಿರಿ. ಊಟದ ತಟ್ಟೆ, ನೀರಿನ ಚೊಂಬು ಮನೆಯಿಂದಲೇ ಬರಲಿ. ಕಸ ಹಾಕಲು ಒಂದು ಬಟ್ಟೆಯ ಚೀಲವಿರಲಿ. ಹಳೆಯ ಮೂರ್ತಿಗಳನ್ನು ಕಣ್ಣಿನಿಂದ ಮುಟ್ಟಿರಿ, ಕೈಯಿಂದ ಬೇಡ. ಮಕ್ಕಳಿಗೆ ಅರಸರ ಹೆಸರಿನ ಜೊತೆಗೆ ಸಹಜಾದೇವಿಯ, ಮಲ್ಲಿತಮ್ಮನ, ಗುಳ್ಳಕಾಯಜ್ಜಿಯ ಹೆಸರನ್ನೂ ಹೇಳಿಕೊಡಿರಿ.

ಮನೆಗೆ ಮರಳಿದ ಮೇಲೆ ಇನ್ನೊಂದು ಕೆಲಸವಿದೆ. ಪ್ರತಿಯೊಂದು ಕುಟುಂಬವೂ ತನ್ನ ಊರಿನಲ್ಲಿ ಒಂದು ಕೆರೆಯನ್ನೋ ಕಲ್ಯಾಣಿಯನ್ನೋ ಶಾಸನದ ಕಲ್ಲನ್ನೋ ತನ್ನದೆಂದು ಭಾವಿಸಿ, ವರ್ಷಕ್ಕೊಂದು ದಿನದ ಶ್ರಮವನ್ನೂ ಶಕ್ತ್ಯಾನುಸಾರ ಸಣ್ಣ ಕಾಣಿಕೆಯನ್ನೂ ಅದಕ್ಕೆ ಸಲ್ಲಿಸಲಿ. ಬಸವ ಜಯಂತಿಯ ದಿನ ಮೆರವಣಿಗೆಗೆ ಮುನ್ನ ಊರವರೆಲ್ಲ ಸೇರಿ ಕೆರೆಯ ಏರಿಯ ಮುಳ್ಳುಗಿಡಗಳನ್ನು ಕಿತ್ತರೆ ಆ ಜಯಂತಿ ಸಾರ್ಥಕವಾದೀತು. ನೆರೆಯ ಮನೆಯವರು ಅನ್ಯ ಮತದವರಾಗಿದ್ದರೆ ಅವರನ್ನೂ ಆದರದಿಂದ ಕರೆಯಿರಿ. ಬೆಳಗೊಳದ ಶಾಸನ ಅದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟಿದೆ. ನೋಡಲು ಹೋಗುವ ಕುಟುಂಬಗಳೆಲ್ಲ ನೋಡಿಕೊಳ್ಳುವ ಕುಟುಂಬಗಳೂ ಆಗಲೆಂದು ಪರಶಿವನಲ್ಲಿ ಪ್ರಾರ್ಥಿಸುತ್ತೇವೆ.